ಜಪಾನಿಗೆ ಹೊಸದಾಗಿ ಬಂದವರಿಗೆ: ಜಪಾನೀ ಹೆಸರುಗಳನ್ನು ಕೇಳುವುದು, ಬರೆದುಕೊಳ್ಳುವುದು

ಮಗುವನ್ನು ಶಾಲೆಗೆ ಸೇರಿಸಿದ ವಾರದಲ್ಲೇ ತರಗತಿಯ ಹೆಸರುಗಳು ಮನೆಗೆ ಬರತೊಡಗುತ್ತವೆ. ಶೋತ, ಯೂತ, ಕೆಂತ. ಗೀತಾ, ಸವಿತಾ ಕೇಳಿ ಬೆಳೆದ ನಮ್ಮ ಕಿವಿಗೆ ಇವು ಹೆಣ್ಣುಮಕ್ಕಳ ಹೆಸರೆನಿಸುತ್ತವೆ. ಮೂರೂ ಗಂಡು ಹೆಸರುಗಳು. ಕೊನೆಯ ‘ತ’ಕ್ಕೆ ಸಾಮಾನ್ಯವಾಗಿ ಬರೆಯುವ ಕಾಂಜಿ (ಚೀನಾ ಮೂಲದ, ಅರ್ಥ ಸೂಚಿಸುವ ಬರಹ) ಅಕ್ಷರಕ್ಕೆ ದಪ್ಪ, ದೊಡ್ಡದು ಎಂಬ ಅರ್ಥ.

‘ರೋ’, ‘ಸುಕೆ’ ಎಂದು ಮುಗಿದರೂ ಗಂಡೇ. ಇಚಿರೋ ಎಂದರೆ ಮೊದಲ ಮಗ, ಜಿರೋ ಎರಡನೆಯವನು, ಸಬುರೋ ಮೂರನೆಯವನು. ಹೆಣ್ಣು ಹೆಸರುಗಳ ಕೊನೆಗೆ ‘ಮಿ’ (ಚೆಲುವು), ‘ಕ’ (ಪರಿಮಳ) ಬರುವುದು ಹೆಚ್ಚು. ಅಜ್ಜಿಯರ ಕಾಲದಲ್ಲಿ ‘ಕೊ’, ಅಂದರೆ ಮಗು, ಮನೆಮನೆಯಲ್ಲೂ ಇತ್ತು. ಈಗಿನ ಪುಟಾಣಿಗಳಲ್ಲಿ ಕಡಿಮೆ. ಅದು ಹೆಣ್ಣಿಗೇ ಮೀಸಲಾದದ್ದೂ ಆಮೇಲೆ: 607ರಲ್ಲಿ ಚೀನಾದ ಸುಯಿ ಆಸ್ಥಾನಕ್ಕೆ ಹೋದ ರಾಯಭಾರಿ ಒನೊ ನೊ ಇಮೊಕೊ ಗಂಡಸು. ಹಿಕರು, ಜುನ್ ಇಬ್ಬರಿಗೂ ಸಲ್ಲುವ ಹೆಸರುಗಳು.

ಕಿವಿಗೆ ಬಿದ್ದದ್ದು ಅರ್ಧ ಹೆಸರು ಮಾತ್ರ, ಉಳಿದರ್ಧ ಕಾಂಜಿಯಲ್ಲಿದೆ. ಹಿರೋಶಿ ಎಂಬ ಹೆಸರನ್ನು ಹತ್ತಾರು ಬಗೆಯಲ್ಲಿ ಬರೆಯಬಹುದು. ಅದಕ್ಕೇ ಒಬ್ಬ ಹಿರೋಶಿ ತನ್ನ ಪರಿಚಯ ಹೇಳುವಾಗ ‘ತೈಹೇಯೋ ನೊ ಯೋ’ ಎನ್ನಬಹುದು, ಅಂದರೆ ಪೆಸಿಫಿಕ್ ಸಾಗರದ ಹೆಸರಿನಲ್ಲಿರುವ ಸಾಗರದ ಅಕ್ಷರ ನನ್ನದು ಎಂದು. ಒಂದೇ ಬರಹಕ್ಕೆ ಹಲವು ಓದುಗಳೂ ಉಂಟು. ಅರ್ಜಿಗಳಲ್ಲಿ ಹೆಸರಿನ ಮೇಲೆ ಫುರಿಗನದ, ಅಂದರೆ ಉಚ್ಚಾರ ತೋರಿಸುವ ಬರಹದ, ಸಾಲು ಇರುವುದು ಇದರಿಂದಲೇ. 2025ರ ಮೇ ತಿಂಗಳಿಂದ ಕುಟುಂಬ ದಾಖಲೆಯಾದ ಕೊಸೆಕಿಯಲ್ಲೂ ಉಚ್ಚಾರ ನಮೂದಾಗುತ್ತಿದೆ. ‘ಯಾವ ಕಾಂಜಿ?’ ಎಂದು ಕೇಳುವುದು ಇಲ್ಲಿ ಒರಟುತನವಲ್ಲ. ನಮ್ಮ ಅನುಭವದಲ್ಲಿ ತಾಯಂದಿರು ಆ ಪ್ರಶ್ನೆಗೆ ಸಂತೋಷದಿಂದಲೇ ಉತ್ತರಿಸುತ್ತಾರೆ.

ಕೇಳಿದ ಹೆಸರನ್ನು ಕನ್ನಡದಲ್ಲೇ ಬರೆದುಕೊಳ್ಳಿ. ಇದನ್ನು ನಾವು ಒತ್ತಿ ಹೇಳುತ್ತೇವೆ. ಯುಕಿ ಎಂದರೆ ಹಿಮವಿರಬಹುದು, ಯೂಕಿ ಎಂದರೆ ಧೈರ್ಯವಿರಬಹುದು. ಇಂಗ್ಲಿಷ್ ಅಕ್ಷರಗಳಲ್ಲಿ ಎರಡೂ ಸಾಮಾನ್ಯವಾಗಿ ಒಂದೇ ಆಗಿಬಿಡುತ್ತವೆ. ಹ್ರಸ್ವ, ದೀರ್ಘ, ಒತ್ತಕ್ಷರ ಮೂರನ್ನೂ ನಮ್ಮ ಲಿಪಿ ಬಿಡದೆ ಹಿಡಿಯುತ್ತದೆ.

ಮೊದಲು ಬರುವುದು ಮನೆತನದ ಹೆಸರು. ದೊಡ್ಡವರನ್ನು ಅದಕ್ಕೆ ‘ಸನ್’ ಸೇರಿಸಿ ಕರೆಯಿರಿ. ನಮ್ಮಲ್ಲಿ ‘ಅವರು’ ಸೇರಿಸುವಂತೆಯೇ. ನಿಮ್ಮ ಹೆಸರಿಗೆ ನೀವೇ ಸೇರಿಸಿಕೊಳ್ಳಬೇಡಿ.

ಇಲ್ಲಿ ಮಗು ಹುಟ್ಟಿದರೆ 14 ದಿನಗಳೊಳಗೆ ಪುರಸಭೆಯ ಕಚೇರಿಯಲ್ಲಿ ನೋಂದಾಯಿಸಬೇಕು, 30 ದಿನಗಳೊಳಗೆ ವಲಸೆ ಕಚೇರಿಗೆ ಅರ್ಜಿ ಕೊಡಬೇಕು. ನಮ್ಮ ಮಕ್ಕಳಿಗೆ ಕಾಂಜಿ ಬೇಕಿಲ್ಲ, ಹೆಸರನ್ನು ಕತಕನದಲ್ಲಿ, ಅಂದರೆ ಹೊರಗಿನ ಹೆಸರುಗಳನ್ನು ಉಚ್ಚಾರದಂತೆ ಬರೆಯುವ ಜಪಾನೀ ಲಿಪಿಯಲ್ಲಿ, ಬರೆದರಾಯಿತು. ಅದರಲ್ಲಿ ರ, ಲ, ಳ ಮೂರೂ ಒಂದೇ, ಮಹಾಪ್ರಾಣವಿಲ್ಲ. ಜಪಾನಿಯಲ್ಲಿ ಉಮ ಎಂದರೆ ಕುದುರೆ. ಮಗಳು ಉಮಾ ಆಗಿದ್ದರೆ, ಅದು ಪಾರ್ವತಿಯ ಹೆಸರೆಂದು ಮೊದಲ ದಿನವೇ ಶಿಕ್ಷಕರಿಗೆ ತಿಳಿಸಿ.

ಮನೆಯವರೆಲ್ಲರ ಕತಕನವನ್ನು ಒಮ್ಮೆ ತೀರ್ಮಾನಿಸಿ, ಬ್ಯಾಂಕ್, ಮೊಬೈಲ್, ಶಾಲೆ ಎಲ್ಲೆಡೆ ಅದನ್ನೇ ಕೊಡಿ. ನನ್ನ ಮೊದಲ ಸಂಬಳ ಖಾತೆಗೆ ಸೇರದೆ ವಾಪಸಾಗಿತ್ತು. ಕಂಪನಿಯ ಪಟ್ಟಿಯಲ್ಲಿ ನನ್ನ ಹೆಸರಿಗಿದ್ದ ದೀರ್ಘದ ಗೆರೆ ಬ್ಯಾಂಕಿನ ಪುಸ್ತಕದಲ್ಲಿರಲಿಲ್ಲ. ಆ ಬರಹವನ್ನು ಒಂದು ಚೀಟಿಯಲ್ಲಿ ಬರೆದು ನಿವಾಸ ಕಾರ್ಡಿನ ಜೊತೆಯಲ್ಲೇ ಇಟ್ಟುಕೊಳ್ಳಿ.