ವಾಲ್ವ್ ಅಲ್ಲ, ಸಾಕೆಟ್

ಜುಲೈ ಬಂತೆಂದರೆ ಚಿಕ್ಕಮಗಳೂರಿನಲ್ಲಿ ಬೆಲ್ಟು, ಚಪ್ಪಲಿಗೆಲ್ಲ ಬೂಷ್ಟು. ಕಳೆದ ಮಳೆಗಾಲದಲ್ಲಿ ನನ್ನ ವಾಲ್ವ್ ಆಂಪ್ (ಗಿಟಾರ್ ಸದ್ದನ್ನು ಗಾಜಿನ ವಾಲ್ವ್‌ಗಳಿಂದ ದೊಡ್ಡದು ಮಾಡುವ ಪೆಟ್ಟಿಗೆ) ಕೂಡ ಹಟ ಹಿಡಿಯಿತು. ಗಿಟಾರ್ ಮುಟ್ಟದಿದ್ದರೂ ಚರಚರ ಸದ್ದು. ರಿಪೇರಿಗೆ ಕೊಟ್ಟೆ. ಅವರು ಗಿಟಾರ್ ಸದ್ದು ಮೊದಲು ಹಾಯುವ, 12ಎಎಕ್ಸ್7 ಎಂಬ ಮೂರೂ ಚಿಕ್ಕ ವಾಲ್ವ್ ಬದಲಿಸಿ, ಹಳೆಯವನ್ನು ಕವರಿನಲ್ಲಿ ಹಾಕಿ ಕೊಟ್ಟರು. ಮನೆಗೆ ತಂದು ನುಡಿಸಿದರೆ ಚರಚರ ಹಾಗೇ ಇದೆ, ಜೊತೆಗೆ ಜೋರಾಗಿ ನುಡಿಸಿದಾಗ ಗಂಟೆ ಬಡಿದ ಹಾಗೆ ಟಿಣ್!

ಆಮೇಲೆ ನಾನೇ ಕೂತೆ. ಆಂಪ್ ಆನ್ ಮಾಡಿ, ವಾಲ್ಯೂಮ್ ಸ್ವಲ್ಪ ಏರಿಸಿ, ಬಿದಿರಿನ ಕಡ್ಡಿಯಿಂದ ವಾಲ್ವ್‌ಗಳ ಗಾಜನ್ನು ಒಂದೊಂದಾಗಿ ಮೆಲ್ಲಗೆ ತಟ್ಟಿದೆ. ಪೆನ್ಸಿಲ್ ಬೇಡ, ಅದರ ಸೀಸದಲ್ಲಿ ಕರೆಂಟ್ ಹರಿಯುತ್ತದೆ. ತಟ್ಟಿದಾಗ ಸ್ವಲ್ಪ ಟಕ್ ಎನ್ನುವುದು ಎಲ್ಲದರ ಗುಣ. ಆದರೆ ಗಿಟಾರ್ ಚುಚ್ಚುವ ಜಾಗಕ್ಕೆ ಹತ್ತಿರ ಇದ್ದದ್ದು ತಟ್ಟಿದ ಮೇಲೂ ಗುಂಯ್ ಎನ್ನುತ್ತಲೇ ಇತ್ತು. ಒಳಗಿನ ಗ್ರಿಡ್ ತಂತಿ ಅಲ್ಲಾಡಿದರೆ ಅದೇ ಸದ್ದಾಗುತ್ತದೆ. ಮೊದಲನೇ ವಾಲ್ವ್‌ನ ಸದ್ದನ್ನು ಅದರ ನಂತರದವೆಲ್ಲ ಸೇರಿ ದೊಡ್ಡದು ಮಾಡುತ್ತವೆ. ಹಾಗಾಗಿ ಅದನ್ನು ಎಸೆಯದೆ ಮೂರನೇ ಜಾಗಕ್ಕೆ ಹಾಕಿ, ಅಲ್ಲಿದ್ದದ್ದನ್ನು ಮುಂದಕ್ಕೆ ತಂದೆ. ಟಿಣ್ ನಿಂತಿತು.

ಚರಚರಕ್ಕೆ ಕಾರಣ ಬೇರೆ. ಒಂದು ವಾಲ್ವನ್ನು ಕಡ್ಡಿಯಿಂದ ಪಕ್ಕಕ್ಕೆ ಸ್ವಲ್ಪ ಒತ್ತಿದರೆ ಸದ್ದು ಜಾಸ್ತಿ, ಬಿಟ್ಟರೆ ಕಡಿಮೆ. ಅಂದರೆ ವಾಲ್ವ್‌ನ ಪಿನ್ನು ಅದು ಕೂರುವ ಸಾಕೆಟ್ಟಿಗೆ ಸರಿಯಾಗಿ ತಾಗುತ್ತಿಲ್ಲ. ಅಜ್ಜ ವಾಲ್ವ್ ರೇಡಿಯೋ ತಲೆಗೆ ಒಂದು ಬಾರಿಸಿ ಸರಿ ಮಾಡುತ್ತಿದ್ದದ್ದು ನೆನಪಾಯಿತು. ಆಗ ಬೆಂಗಳೂರಿನ ಬಿಇಎಲ್‌ನಲ್ಲೇ ವಾಲ್ವ್ ತಯಾರಾಗುತ್ತಿತ್ತು, ಅಜ್ಜನಿಗೆ ಭಯ ಕಡಿಮೆ! ನಾನು ಪ್ಲಗ್ ಕಿತ್ತು, ಪೂರ್ತಿ ತಣ್ಣಗಾಗುವವರೆಗೆ ಕಾದೆ. ಒಳಗೆ ಕರೆಂಟ್ ಹಿಡಿದಿಡುವ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು. ಪ್ಲಗ್ ಕಿತ್ತಿದ್ದರೂ ಷಾಸಿಯೊಳಗೆ (ವೈರುಗಳೆಲ್ಲ ಇರುವ ಲೋಹದ ಚೌಕಟ್ಟಿನೊಳಗೆ) ಕೈ ಹಾಕಬೇಡಿ, ಜೀವಕ್ಕೇ ಅಪಾಯ. ವಾಲ್ವನ್ನು ತಿರುಚದೆ ನೇರವಾಗಿ ಎಳೆದೆ. ಒಂಬತ್ತು ಪಿನ್ನೂ ಕಪ್ಪಗಿದ್ದವು. ಪಿನ್ನುಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ನಾಲ್ಕೈದು ಸಲ ಸಾಕೆಟ್ಟಿಗೆ ಹಾಕಿ ತೆಗೆದು ಮಾಡಿದೆ. ಒಣಗಲು ಬಿಟ್ಟು, ಮಾರನೇ ದಿನ ಆನ್ ಮಾಡಿದರೆ ಚರಚರ ಇಲ್ಲ.

ಕುತೂಹಲಕ್ಕೆ ಕವರಿನಲ್ಲಿದ್ದ ಹಳೇ ವಾಲ್ವ್‌ಗಳನ್ನೂ ಹಾಕಿ ನೋಡಿದೆ. ಮೂರೂ ಚೆನ್ನಾಗಿಯೇ ಇದ್ದವು. ಅವೇ ಈಗಲೂ ಓಡುತ್ತಿವೆ. ಹೊಸವು ಬೀರುವಿನಲ್ಲಿವೆ, ಅಕ್ಕಿ ಡಬ್ಬಿಯ ಪಕ್ಕ.