ದಾಳ ಹಾಕಿ ಮಾಡಿಕೊಂಡ ಪಾಸ್‌ವರ್ಡ್

ಒಳ್ಳೆ ಪಾಸ್‌ವರ್ಡ್ ತಲೆ ಕೆರೆದುಕೊಂಡರೆ ಸಿಗೋದಲ್ಲ. ನಾವು ಎಷ್ಟು ಯೋಚಿಸಿದರೂ ಮನೆದೇವರ ಹೆಸರು, ಮಗಳ ಹೆಸರು, ಗಾಡಿ ನಂಬರು, ಹುಟ್ಟಿದ ಇಸವಿ, ಕೊನೆಗೊಂದು 123, ಇಷ್ಟರಲ್ಲೇ ಸುತ್ತುತ್ತಿರುತ್ತೇವೆ. ಕದಿಯುವವರಿಗೂ ಇದು ಗೊತ್ತು. 2009ರಲ್ಲಿ ರಾಕ್‌ಯೂ ಕಂಪನಿಯಿಂದ ಸುಮಾರು 3.2 ಕೋಟಿ ಪಾಸ್‌ವರ್ಡ್ ಸೋರಿಹೋದವು. ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಇದ್ದದ್ದು 123456. ಆ ಪಟ್ಟಿ ಇವತ್ತಿಗೂ ಪಾಸ್‌ವರ್ಡ್ ಮುರಿಯುವವರ ಕೈಯಲ್ಲಿ ಓಡಾಡುತ್ತಿದೆ.

ಹಾಗಾಗಿ ಆರಿಸುವ ಕೆಲಸವನ್ನೇ ನಾನು ದಾಳಕ್ಕೆ ಬಿಟ್ಟೆ. ಈ ಉಪಾಯ ನನ್ನದಲ್ಲ. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ಅನ್ನುವವರು ಡೈಸ್‌ವೇರ್ ಅಂತ ಮಾಡಿದರು. 7776 ಇಂಗ್ಲಿಷ್ ಪದಗಳ ಪಟ್ಟಿ, ಒಂದೊಂದು ಪದಕ್ಕೂ ಐದಂಕಿಯ ಒಂದು ನಂಬರು. ಐದು ಸಲ ದಾಳ ಹಾಕಿದರೆ ಬರುವ ನಂಬರಿನ ಮುಂದಿರುವುದೇ ನಮ್ಮ ಪದ. ಆದರೆ ಆ ಪದಗಳು ನನ್ನ ನಾಲಿಗೆಗೆ ಹತ್ತಲಿಲ್ಲ. ಕನ್ನಡದ್ದೇ ಒಂದು ಪಟ್ಟಿ ಮಾಡಿದರೆ ಹೇಗೆ ಅನ್ನಿಸಿ ಶುರು ಮಾಡಿದೆ. 7776 ಪದ ಕೂಡಿಸುವಷ್ಟು ತಾಳ್ಮೆ ನನಗಿಲ್ಲ, ಅದಕ್ಕೆ 1296ಕ್ಕೆ ನಿಲ್ಲಿಸಿದೆ. ಅಂದರೆ ಒಂದು ಪದಕ್ಕೆ ನಾಲ್ಕು ಸಲ ದಾಳ.

ಅಡುಗೆಮನೆ, ಹೊಲ, ಹಕ್ಕಿ, ಮರಗೆಲಸದ ಸಾಮಾನು ಅಂತ ಪದಗಳು ಸಲೀಸಾಗಿ ಬಂದವು. ಕಷ್ಟ ಆಗಿದ್ದು ಟೈಪ್ ಮಾಡುವುದರಲ್ಲಿ. ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಇಡೋಣ ಅಂದರೆ ಕೆಲವು ಸೈಟುಗಳು ತೆಗೆದುಕೊಳ್ಳುವುದೇ ಇಲ್ಲ. ಇನ್ನೊಂದು ತೊಂದರೆಯೂ ಇದೆ: 'ಕೊ' ಅಕ್ಷರವನ್ನು ಯೂನಿಕೋಡ್‌ನಲ್ಲಿ (ಕಂಪ್ಯೂಟರು ಅಕ್ಷರಗಳನ್ನು ನಂಬರುಗಳಾಗಿ ಇಟ್ಟುಕೊಳ್ಳುವ ಪದ್ಧತಿ) ಎರಡು ರೀತಿ ಇಡಬಹುದು, ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಬೇರೆ ಕೀಬೋರ್ಡಿನಲ್ಲಿ ಕೂತರೆ ನಮ್ಮ ಖಾತೆಗೆ ನಾವೇ ಹೊರಗಿನವರಾಗಬಹುದು! ಅದಕ್ಕೆ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದೆ. ಆಗ ಹುಲಿಯೂ ಹುಳಿಯೂ ಒಂದೇ ಆಗಿಬಿಡುತ್ತವೆ, ಬಲೆ ಬಳೆಗಳದ್ದೂ ಅದೇ ಕಥೆ. ಅಂಥ ಜೋಡಿಯಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡೆ. ದೀರ್ಘಾಕ್ಷರ ಇರುವ ಪದಗಳನ್ನು ಆದಷ್ಟೂ ಬಿಟ್ಟೆ, ಯಾಕಂದರೆ ಒಂದು 'ಎ' ಹಾಕಬೇಕೋ ಎರಡೋ ಅಂತ ನಾಳೆ ನನಗೇ ಗೊಂದಲ.

ದಾಳ ಹಾಕಿದಾಗ ಬರುವುದು ಹೀಗಿರುತ್ತೆ: ಕೊಡಲಿ ಹುಣಸೆ ಗರಗಸ ಮಳೆ ಬುಗುರಿ ತವರು ಚಿಲಕ. (ಇದನ್ನೇ ಇಟ್ಟುಕೊಳ್ಳಬೇಡಿ ಮತ್ತೆ.) ಏಳು ಪದ ಯಾಕೆ? ನಾಲ್ಕು ಪದಕ್ಕೆ ಸುಮಾರು 2.8 ಲಕ್ಷ ಕೋಟಿ ಸಾಧ್ಯತೆ. ಕೇಳೋಕೆ ದೊಡ್ಡದು, ಆದರೆ ಪಾಸ್‌ವರ್ಡನ್ನು ಎಂಡಿ5 ಥರದ ಹಳೇ ಹ್ಯಾಶ್‌ನಲ್ಲಿ (ಪಾಸ್‌ವರ್ಡನ್ನು ಗುರುತು ಸಿಗದ ಹಾಗೆ ಕಲಸಿಡುವ ಲೆಕ್ಕ) ಇಟ್ಟ ಕಡೆಯಿಂದ ಸೋರಿಕೆ ಆದರೆ, ಒಂದು ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಸಾವಿರಾರು ಕೋಟಿ ಊಹೆ ಮಾಡುತ್ತೆ, ಕೆಲವೇ ನಿಮಿಷದ ಕೆಲಸ ಅದು. ಏಳು ಪದಕ್ಕೆ 6ರ ಮುಂದೆ 21 ಸೊನ್ನೆ. ಪಟ್ಟಿ ಯಾರ ಕೈಗೆ ಸಿಕ್ಕರೂ ಈ ಲೆಕ್ಕ ಬದಲಾಗಲ್ಲ, ಯಾಕಂದರೆ ಗುಟ್ಟು ಇರುವುದು ಪಟ್ಟಿಯಲ್ಲಲ್ಲ, ದಾಳ ಬಿದ್ದದ್ದರಲ್ಲಿ.

ಇಲ್ಲಿ ಒಂದು ವಿಷಯಕ್ಕೆ ಗಟ್ಟಿಯಾಗಿರಬೇಕು. 'ಗರಗಸ ಚೆನ್ನಾಗಿಲ್ಲ, ಇನ್ನೊಂದ್ಸಲ ಹಾಕ್ತೀನಿ' ಅನ್ನಬಾರದು. ಇಷ್ಟದ ಪದ ಬರುವ ತನಕ ದಾಳ ಹಾಕಿದರೆ ಆರಿಸಿದ್ದು ನಾವೇ ಆದ ಹಾಗಾಯ್ತು, ಅಲ್ವಾ? ಬಂದ ಪದಗಳನ್ನು ಚೆಂದ ಕಾಣಲಿ ಅಂತ ಹಿಂದೆ ಮುಂದೆ ಮಾಡುವುದೂ ಬೇಡ.

ಇಷ್ಟೆಲ್ಲಾ ಮಾಡಿದ್ದು ಒಂದೇ ಒಂದು ಪಾಸ್‌ವರ್ಡ್‌ಗೆ, ಪಾಸ್‌ವರ್ಡ್ ಮ್ಯಾನೇಜರ್ (ಉಳಿದ ಪಾಸ್‌ವರ್ಡ್‌ಗಳನ್ನೆಲ್ಲ ಬೀಗ ಹಾಕಿ ಇಡುವ ಆ್ಯಪ್) ತೆರೆಯುವುದಕ್ಕೆ. ನಾನು ಬಳಸುವುದು ಕೀಪಾಸ್‌ಎಕ್ಸ್‌ಸಿ, ಅಕ್ಕನ ಫೋನಿಗೆ ಬಿಟ್‌ವಾರ್ಡನ್ ಹಾಕಿಕೊಟ್ಟೆ. 'ಇಷ್ಟುದ್ದ ಯಾಕೋ, ಹೆಸರಿನ ಮುಂದೆ 123 ಹಾಕಿದ್ರೆ ಆಗಲ್ವಾ' ಅಂದಳು. ಏಳು ಪದಗಳನ್ನು ಸೇರಿಸಿ ಒಂದು ಹುಚ್ಚು ಕಥೆ ಕಟ್ಟಿಕೊಟ್ಟ ಮೇಲೆ ನನಗಿಂತ ಬೇಗ ಬಾಯಿಪಾಠ ಮಾಡಿದಳು. ಒಂದು ಪ್ರತಿ ಕಾಗದದ ಮೇಲೆ ಬರೆದು ಬೀರುವಿನಲ್ಲಿ ಇಟ್ಟಿದ್ದೇವೆ. ಕಾಗದದಲ್ಲಿ ಬರೆಯಬಾರದು ಅಂತಾರೆ, ನನಗೆ ಒಪ್ಪಿಗೆ ಇಲ್ಲ. ಬೇರೆ ದೇಶದಲ್ಲಿ ಕೂತ ಕಳ್ಳ ನಮ್ಮ ಬೀರುವಿಗೆ ಕೈ ಹಾಕಲಾರ.

ಉಳಿದ ಖಾತೆಗಳಿಗೆಲ್ಲ ಮ್ಯಾನೇಜರೇ 20 ಅಕ್ಷರದ ಪಾಸ್‌ವರ್ಡ್ ಹುಟ್ಟಿಸುತ್ತೆ, ಒಂದೊಂದಕ್ಕೂ ಬೇರೆ ಬೇರೆ. ವಿಶೇಷ ಚಿಹ್ನೆ ಬೇಡ ಅನ್ನುವ ಸೈಟಿಗೆ 22 ಅಕ್ಷರ ಮಾಡಿದೆ, ಬಲ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಸೆಕ್ಯುರಿಟಿ ಪ್ರಶ್ನೆಗಳಿಗೂ ನಿಜ ಹೇಳಲ್ಲ. ನೀವು ಓದಿದ ಮೊದಲ ಶಾಲೆ ಯಾವುದು ಅಂದರೆ ಇಡೀ ಊರಿಗೇ ಗೊತ್ತು. ತಾಯಿಯ ತವರಿನ ಸರ್‌ನೇಮ್ ಅಂತಾರೆ, ಇನಿಷಿಯಲ್ ಬಿಟ್ಟರೆ ಏನೂ ಇಲ್ಲದ ನಮ್ಮಂಥವರು ಏನು ಬರೆಯೋದು? ಅಲ್ಲೂ ಎರಡು ಮೂರು ದಾಳದ ಪದ ಹಾಕಿ ಮ್ಯಾನೇಜರಿನಲ್ಲೇ ಬರೆದಿಟ್ಟೆ.

ಯುಪಿಐ ಪಿನ್‌ಗೆ ಮಾತ್ರ ದಾಳ ಆಗಲ್ಲ, ಅದರಲ್ಲಿ 0, 7, 8, 9 ಇಲ್ಲ. ಹತ್ತು ಚೀಟಿ ಬರೆದು ಡಬ್ಬಿಗೆ ಹಾಕಿ ಒಂದೊಂದೇ ಎತ್ತಿದೆ. ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಿ ಕಲಕಿದ ಮೇಲೇ ಮುಂದಿನದು. ಇಲ್ಲದಿದ್ದರೆ ಒಂದೇ ಅಂಕಿ ಎರಡು ಸಲ ಬರುವುದೇ ಇಲ್ಲ, ಆರು ಅಂಕಿಯ ಪಿನ್‌ಗೆ ಇರುವ 10 ಲಕ್ಷ ಸಾಧ್ಯತೆ 1,51,200ಕ್ಕೆ ಇಳಿದುಬಿಡುತ್ತೆ.