ನೆರೆಯವರ ಹಿತ್ತಲಲ್ಲಿ ಸಾರವೆ ಕಟ್ಟಿಸಿದ್ದು

ನಮ್ಮ ಮನೆಯ ಹಿಂಗೋಡೆ ಬಿರುಕು ಬಿಟ್ಟು ಮಳೆನೀರು ಒಳಗೆ ಜಿನುಗತೊಡಗಿದಾಗ ಹೊರಗಿನಿಂದ ಗಾರೆ ಮಾಡಿಸದೆ ಬೇರೆ ದಾರಿಯಿರಲಿಲ್ಲ. ಆದರೆ ಗೋಡೆ ಗಡಿಯಂಚಿನಲ್ಲೇ ಇದ್ದುದರಿಂದ ಸಾರವೆ ನಿಲ್ಲಿಸಲು ನೆರೆಯವರ ಹಿತ್ತಲೇ ಬೇಕಾಗಿತ್ತು. ಮೊದಲು ಮೇಸ್ತ್ರಿಯ ಮೂಲಕ ಕೇಳಿಸಿದೆ. ಅದು ನನ್ನದೇ ತಪ್ಪು. ಅವರು ಖಡಾಖಂಡಿತವಾಗಿ ಆಗುವುದಿಲ್ಲ ಎಂದರು.

ವಾರ ಕಳೆದ ಮೇಲೆ ನಾನೇ ಹೋಗಿ, ಅವರ ಆತಂಕವೇನೆಂದು ವಿಚಾರಿಸಿದೆ. ಆ ಮನೆಯ ಹಿರಿಯರು ಗೋಡೆಯ ಬುಡದಲ್ಲಿದ್ದ ಹೂಬಳ್ಳಿಯನ್ನು ತೋರಿಸಿ, "ಸಿಮೆಂಟಿನ ನೀರು ಬಿದ್ದರೆ ಇದು ಉಳಿಯುತ್ತದೆಯೇ?" ಎಂದರು. ಇಂದು ಬಿಟ್ಟುಕೊಟ್ಟ ಜಾಗದ ಮೇಲೆ ನಾಳೆ ನಾನು ಹಕ್ಕು ಸಾಧಿಸಬಹುದೆಂಬ ಅಳುಕು ಅದಕ್ಕಿಂತ ದೊಡ್ಡದಾಗಿತ್ತು, ಮತ್ತು ಅದು ನ್ಯಾಯವಾದ ಅಳುಕೇ.

ಆದ್ದರಿಂದ ಒಂದು ಹಾಳೆಯಲ್ಲಿ, ಈ ಅನುಮತಿ ತಾತ್ಕಾಲಿಕವೆಂದೂ ಇದರಿಂದ ನನಗೆ ಯಾವ ಹಕ್ಕೂ ಬರುವುದಿಲ್ಲವೆಂದೂ, ಕೆಲಸದ ದಿನಗಳು, ವೇಳೆ, ಬಳಸುವ ಜಾಗದ ಅಳತೆ ಹಾಗೂ ಹಾನಿಯನ್ನು ನಾನೇ ಸರಿಪಡಿಸಬೇಕೆಂಬುದನ್ನೂ ಬರೆದು ಇಬ್ಬರೂ ಸಹಿ ಹಾಕಿದೆವು. ಮಳೆ ಬಂದರೆ 3 ದಿನ ಹೆಚ್ಚುವರಿ ಎಂದು ಸೇರಿಸಿದ್ದು ಕೊನೆಗೆ ಉಪಯೋಗಕ್ಕೆ ಬಂತು. ಕೆಲಸಕ್ಕೆ ಮುಂಚೆ ಅವರ ಎದುರಿನಲ್ಲೇ ಹಿತ್ತಲಿನ ಫೋಟೊ ತೆಗೆದು ಅವರಿಗೂ ಕಳುಹಿಸಿದೆ; ಬಳ್ಳಿಗೆ ಟಾರ್ಪಾಲು ಹೊದಿಸಿ, ಕಂಬಗಳ ಕೆಳಗೆ ಹಲಗೆ ಇಡಿಸಿದೆ.

ಆದರೂ ನೆಲಹಾಸಿನ ಒಂದು ಕಲ್ಲು ಒಡೆಯಿತು. ಫೋಟೊದಲ್ಲಿ ಅದು ನೆಟ್ಟಗಿದ್ದುದರಿಂದ ವಾದಕ್ಕೆ ಎಡೆಯಿರಲಿಲ್ಲ; ಸಾರವೆ ಬಿಚ್ಚಿದ ಮರುದಿನವೇ ಬೇರೆ ಕಲ್ಲು ಹಾಕಿಸಿಕೊಟ್ಟೆ.